ಬಾವಿ ಓಣಿಯ ತಕರಾರು

ಎರಡನೆಯ ಏಟಿಗೆ ಎಲುಬು ಲಟಕ್ಕನೆ ಮುರಿದದ್ದು ಮನೆಯ ಕಟ್ಟೆಯ ಮೇಲೆ ನಿಂತಿದ್ದ ಲಕ್ಷ್ಮೀಬಾಯಿಗೂ ಕೇಳಿಸಿತು.

ಹಾಡಹಗಲು. ಹುಬ್ಬಳ್ಳಿಯ ಬಾವಿ ಓಣಿಯ ನಟ್ಟನಡುವೆ ಅವಳ ಗಂಡ ಏಕನಾಥ ಮಾಸ್ತರರು ಮಣ್ಣಿನಲ್ಲಿ ಬಿದ್ದಿದ್ದರು. ಬಡಿಗೆ ಹಿಡಿದು ಅವರ ಮೇಲೆ ನಿಂತಿದ್ದವನು ದುರಗಪ್ಪ, ಚನ್ನಯ್ಯನವರ ಹತ್ತಿ ಗಿರಣಿಯಲ್ಲಿ ಮೂಟೆ ಹೊರುವ ಪೈಲವಾನ. ಇದೇ ಓಣಿಯ ತುದಿಮನೆಯವನು. ಅವನಿಗೆ ಅಕ್ಷರ ಕಲಿಸಿದವರೂ ಮಾಸ್ತರರೇ.

ಅವನು ಬರುವುದನ್ನು ಮಾಸ್ತರರು ದೂರದಿಂದಲೇ ಕಂಡಿದ್ದರು. ಓಡಲಿಲ್ಲ, ಯಾರನ್ನೂ ಕೂಗಲಿಲ್ಲ. ಕನ್ನಡಕ ತೆಗೆದು ಕೋಟಿನ ಒಳಜೇಬಿಗೆ ಇಟ್ಟುಕೊಂಡು ನೆಟ್ಟಗೆ ನಿಂತರು. ತನ್ನ ಗಂಡ ಹೆದರುವವರಲ್ಲ ಎಂದು ಲಕ್ಷ್ಮೀಬಾಯಿಗೆ ಆ ಗಳಿಗೆಯಲ್ಲಿ ಹೆಮ್ಮೆಯೂ ಆಗಿತ್ತು.

ಅವಳು ಚೀರಿಕೊಂಡು ಓಡಿ ಬಂದಳು. ದುರಗಪ್ಪ ಅವಳ ಮುಖ ನೋಡಿದ. ಅವನ ತುಟಿ ಅದುರುತ್ತಿತ್ತು. ಬಡಿಗೆ ಬಿಸುಟು ರೈಲು ಹಳಿಯ ಕಡೆ ಓಟ ಕಿತ್ತ.

ಜಗಳ ಗಿರಣಿಯದು. ಅಲ್ಲಿಯವರೆಗೆ ಹತ್ತಿ ಗಿರಣಿಗಳೆಲ್ಲ ಹಳಿಯ ಆಚೆಗೇ ಇರಬೇಕೆಂಬ ಕಟ್ಟಳೆಯಿತ್ತು. ಅದನ್ನು ಬದಲಿಸಿ, ಮನೆಗಳಿರುವ ಓಣಿಗಳಲ್ಲೂ ಗಿರಣಿ ಹಾಕಲು ಅಪ್ಪಣೆ ಕೊಡಬೇಕೆಂದು ಮುನಸಿಪಾಲಿಟಿ ಹೊರಟಿತ್ತು. ತಕರಾರಿದ್ದವರು ಸಭೆಗೆ ಬಂದು ಹೇಳಬೇಕೆಂದು ಡಂಗುರ ಸಾರಿಸಿತ್ತು. ಬಾವಿಯ ಪಕ್ಕದ ಬಯಲನ್ನು ಚನ್ನಯ್ಯನವರು ಆಗಲೇ ಕೊಂಡಿದ್ದರು.

ಮಾಸ್ತರರು ಮನೆಮನೆ ತಿರುಗಿದ್ದರು. ಹತ್ತಿಯ ಧೂಳು ಮಕ್ಕಳ ಎದೆಗೆ ಇಳಿಯುತ್ತದೆ ಎಂದರು. ಒಂದು ಕಿಡಿ ಹಾರಿದರೆ ಓಣಿಗೆ ಓಣಿಯೇ ಸುಟ್ಟುಹೋಗುತ್ತದೆ ಎಂದರು. "ಗಿರಣಿ ಬಂದ್ರ ನನ್ನ ಮಗಗ ಕೆಲಸ ಸಿಗತೈತ್ರಿ ಮಾಸ್ತರ," ಎಂದಳು ಎದುರುಮನೆಯ ಗುಲ್ಜಾರಬಿ. ಜಾಗಕ್ಕೆ ಬೆಲೆ ಏರೀತೆಂದು ಕೆಲವರಿಗೆ ಆಸೆ. ಉಳಿದವರು, "ನೀವ ಹೋಗಿ ಹೇಳ್ರಿ, ನಮ್ದೂ ಅದ ಮಾತು," ಎಂದು ಒಳಗೆ ಹೋದರು.

ಹಿಂದಿನ ಸಂಜೆ ಚನ್ನಯ್ಯನವರೇ ಮನೆಗೆ ಬಂದು ಚಹಾ ಕುಡಿದಿದ್ದರು.

"ಓಣಿ ಬ್ಯಾಡ ಅಂದ್ರ ನಾ ಇವತ್ತ ಬಿಡ್ತೇನ್ರಿ ಮಾಸ್ತರ. ಆದ್ರ ಬ್ಯಾಡ ಅನ್ನಾವ್ರು ಎಲ್ಲಿದಾರ? ನೀವೊಬ್ಬರ ಕಾಣ್ತೀರಿ."

"ನಾಳೆ ಸಭಾಕ್ಕ ಬರ್ತಾರ."

"ಒಬ್ಬರೂ ಬರಾಂಗಿಲ್ರಿ."

"ಬರ್ತಾರ ಚನ್ನಯ್ಯನವರ. ನೀವ ನೋಡ್ತೀರಿ."

ಚನ್ನಯ್ಯನವರು ನಕ್ಕು ಎದ್ದುಹೋಗಿದ್ದರು. ಆ ನಗೆಯ ಅರ್ಥ ಲಕ್ಷ್ಮೀಬಾಯಿಗೆ ಈಗ ಹೊಳೆಯಿತು.

ಅವಳು ಬಾವಿಯ ಕಟ್ಟೆ ಹತ್ತಿದಳು. ಗಂಡನ ಹೆಸರನ್ನೂ ಗಟ್ಟಿಯಾಗಿ ಹೇಳದವಳು ಓಣಿ ನಡುಗುವಂತೆ ಕಿರುಚಿದಳು.

"ಬಾಗಲಾ ಹಾಕ್ಕೊಂಡು ಕೂತೀರೇನು? ನಿಮ್ಮ ಸಲುವಾಗಿ ಹೊಂಟವರ ಕೈ ಮುರದಾರ! ನಾಳೆ ನಿಮ್ಮ ಮನಿಗೂ ಬರ್ತಾರ. ಗಂಡಸರಿದ್ರ ಹೊರಗ ಬರ್ರಿ!"

ಬಾಗಿಲುಗಳು ತೆರೆದವು. ಕೊಡಲಿ, ಒನಕೆ, ಬಂಡಿಯ ಗೂಟ, ಸಿಕ್ಕಿದ್ದನ್ನು ಹಿಡಿದು ಜನ ಬಂದರು. ಗುಲ್ಜಾರಬಿಯ ಮಗನೂ ಬಂದ. ಮಾಸ್ತರರನ್ನು ಹೊರಸಿನ ಮೇಲೆ ಮಲಗಿಸಿದರು. ಅವರು ಎಡಗೈಯಿಂದ ಹೆಂಡತಿಯ ಸೆರಗು ಜಗ್ಗಿದರು.

"ಸಭಾಕ್ಕ... ಎಲ್ಲಾರನ್ನೂ ಸಭಾಕ್ಕ ಕರಕೊಂಡು ಹೋಗು. ಗಿರಣಿಗೆ ಬ್ಯಾಡ."

ಆ ಮಾತು ಯಾರಿಗೂ ಬೇಕಿರಲಿಲ್ಲ. ಅವಳಿಗೂ.

ಹಳಿಯಾಚೆಯ ಗಿರಣಿಯ ಗೇಟಿನಲ್ಲಿ ಕಾವಲುಗಾರ ರಾಮಪ್ಪ ಎರಡೂ ಕೈ ಚಾಚಿ ಅಡ್ಡ ನಿಂತ. ಸುಳ್ಳ ಎಂಬ ಹಳ್ಳಿಯಿಂದ ದಿನವೂ ನಡೆದು ಬರುತ್ತಿದ್ದ ಮುದುಕ.

"ಒಳಗ ಕೂಲಿ ಹೆಣ್ಮಕ್ಕಳದಾರ್ರಿ! ಅವರನ್ನ ಹೊರಗ ಬಿಡೂತನಕ ತಡೀರಿ, ನಿಮ್ಮ ಕಾಲಿಗೆ ಬೀಳ್ತೇನಿ!"

ಮೊದಲ ಕಲ್ಲು ಲಕ್ಷ್ಮೀಬಾಯಿಯದು. ಅದು ಅವನ ಹುಬ್ಬಿನ ಮೇಲೆ ಬಿತ್ತು. ಮುದುಕ ಮೊಣಕಾಲೂರಿದ. ಹಿಂದಿನಿಂದ ನುಗ್ಗಿದ ಜನ ಅವನನ್ನು ತುಳಿದುಕೊಂಡೇ ಒಳಹೊಕ್ಕಿತು.

ಚನ್ನಯ್ಯನವರನ್ನು ರುಮಾಲು ಹಿಡಿದು ಅಂಗಳಕ್ಕೆ ಎಳೆದರು. ಒನಕೆಯ ಏಟಿಗೆ ಹಲ್ಲು ಉದುರಿದವು. ಬಾಯ್ತುಂಬ ರಕ್ತ ತುಂಬಿಕೊಂಡು ಅವರು ಒಂದೇ ಮಾತು ಹೇಳುತ್ತಿದ್ದರು: "ನಾ ಯಾರನ್ನೂ ಕಳಿಸಿಲ್ರಿ, ದೇವರಾಣಿ!" ಆ ಸುಳ್ಳಿಗೆ ಇನ್ನಷ್ಟು ಏಟು ಬಿದ್ದವು. ಯಾರೋ ಹತ್ತಿಯ ರಾಶಿಗೆ ಬೆಂಕಿಯಿಟ್ಟರು. ಅದು ಸೂರಿನವರೆಗೆ ಒಮ್ಮೆಲೇ ಭುಗಿಲೆದ್ದಿತು. ಕೂಲಿ ಹೆಂಗಸರು ಕೂದಲು ಸುಟ್ಟುಕೊಂಡು, ಕೆಮ್ಮುತ್ತ, ಒಬ್ಬರ ಮೇಲೊಬ್ಬರು ಬಿದ್ದು ಹೊರಬಂದರು. ರಾಮಪ್ಪ ಮಾತ್ರ ಏಳಲಿಲ್ಲ. ಹೊರಳಿಸಿ ನೋಡಿದರೆ ಎದೆ ಒಳಗೆ ಕುಸಿದಿತ್ತು.

ಪೊಲೀಸರು ಓಣಿಯ ಗಂಡಸರಲ್ಲಿ ಹಲವರನ್ನು ಎಳೆದೊಯ್ದರು. ಮೊದಲ ಕಲ್ಲು ಯಾರದೆಂದು ಒಬ್ಬರೂ ಬಾಯಿಬಿಡಲಿಲ್ಲ. ಹೊಗೆ ಆರುವ ಮೊದಲೇ ಮುನಸಿಪಾಲಿಟಿ ಹೊಸ ಕಟ್ಟಳೆಯನ್ನು ಕೈಬಿಟ್ಟಿತು. ಓಣಿ ಗೆದ್ದಿತು. ಮಾಸ್ತರರ ಬಲ ಮೊಣಕೈ ಚೂರಾಗಿದೆ, ಇನ್ನು ಅವರು ಪೆನ್ನು ಹಿಡಿಯಲಾರರು ಎಂದರು ದವಾಖಾನೆಯ ಡಾಕ್ಟರು.

ಲಕ್ಷ್ಮೀಬಾಯಿಗೆ ಊಟ ಸೇರುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ಆ ಮುದುಕನ ಚಾಚಿದ ಕೈ. ಸುರುಮಾಡಿದವರು ಗಿರಣಿಯವರು, ನಾನಲ್ಲ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಆ ಮಾತೊಂದನ್ನೇ ಹಿಡಿದು ದಿನ ನೂಕುತ್ತಿದ್ದಳು.

ಒಂದು ಮಧ್ಯಾಹ್ನ ಅವಳು ದವಾಖಾನೆಗೆ ಊಟದ ಡಬ್ಬಿ ತಂದಾಗ, ಗಂಡನ ಮಂಚದ ಸುತ್ತ ಕಟ್ಟಿದ್ದ ಪರದೆಯ ಹಿಂದೆ ಗಂಡಸೊಬ್ಬ ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಸಂದಿಯಿಂದ ನೋಡಿದಳು. ಪೊಲೀಸರು ಊರೆಲ್ಲ ಹುಡುಕುತ್ತಿದ್ದ ದುರಗಪ್ಪ, ತಲೆತುಂಬ ಕಂಬಳಿ ಹೊದ್ದು, ಮಾಸ್ತರರ ಕಾಲು ಹಿಡಿದುಕೊಂಡಿದ್ದ.

"ತಪ್ಪಾತ್ರಿ ಮಾಸ್ತರ. ಕೈ ನಡಗತಿತ್ತು, ಕಣ್ಣು ಕಾಣಲಿಲ್ಲ..."

ಲಕ್ಷ್ಮೀಬಾಯಿ ಅವನ ತಲೆ ಒಡೆಯಲೆಂದು ಹಿತ್ತಾಳೆಯ ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿದಳು. ಅಷ್ಟರಲ್ಲಿ ಗಂಡನ ದನಿ ಕೇಳಿಸಿತು, ಪಾಠ ತಪ್ಪಿದ ಹುಡುಗನನ್ನು ತಿದ್ದುವಾಗಿನ ಅದೇ ಮೆಲುದನಿ.

"ಎಡಗೈ ಮುರಿ ಅಂತ ಹೇಳಿದ್ನಲ್ಲೋ, ದುರಗ್ಯಾ."