ಎರಡು ಬೆರಳು ಎತ್ತರ

ಹುಡುಗನ ಕಡೆಯವರು ಬರುವ ಮೊದಲೇ ಅಮ್ಮ ನನ್ನನ್ನು ಚಾಪೆಯ ಮೇಲೆ ಕೂರಿಸಿ, "ಏನೇ ಆದ್ರೂ ಏಳ್ಬೇಡ ಕಣೇ" ಎಂದಳು. ನಮ್ಮಲ್ಲಿ ಒಂದು ಕಷ್ಟವನ್ನು ದಾಟಿದವರು ಎರಡು ಬೆರಳು ಎತ್ತರವಾಗುತ್ತಾರೆ. ಅಪ್ಪ ಹೋದ ಮೇಲೆ, ಶಾಲೆ ಬಿಟ್ಟ ಮೇಲೆ, ಹೊಲಿಗೆ ಕಲಿತು ಮನೆ ನಡೆಸತೊಡಗಿದ ಮೇಲೆ ನಾನು ಎತ್ತರವಾಗುತ್ತಲೇ ಬಂದೆ. ಇಷ್ಟು ಉದ್ದದ ಹುಡುಗಿಯನ್ನು ಯಾರೂ ಒಪ್ಪುವುದಿಲ್ಲ ಎಂಬುದು ಅಮ್ಮನ ಭಯ.

ಹುಡುಗ ಚಂದ್ರಮೌಳಿ ಕುರ್ಚಿಯಲ್ಲಿ ಕೂತಾಗ ಅವನ ಕಾಲು ನೆಲಕ್ಕೆ ಮುಟ್ಟಲಿಲ್ಲ.

"ನಮ್ ಮೌಳಿ ಹತ್ರ ಒಂದು ಕಷ್ಟಾನೂ ಸುಳಿಯೋಕೆ ಬಿಟ್ಟಿಲ್ಲ ನಾನು" ಎನ್ನುತ್ತಾ ಅವನ ತಾಯಿ ಸರ್ವಮಂಗಳಮ್ಮ ಅವನ ಉಪ್ಪಿಟ್ಟನ್ನು ಊದಿ ಆರಿಸಿದರು. "ಎಲ್ಲಿ, ಎದ್ದು ನಿಂತ್ಕೋಮ್ಮ."

"ಅವಳಿಗೆ ಕಾಲು ಜೋಮು ಹಿಡಿದಿದೆ" ಎಂದಳು ಅಮ್ಮ.

ನಾನು ಎದ್ದೆ. ಅಮ್ಮ ಓಡಿಹೋಗಿ ಫ್ಯಾನು ಆರಿಸಿದಳು.

ಸರ್ವಮಂಗಳಮ್ಮ ಕತ್ತೆತ್ತಿ ನೋಡಿ, "ಪರವಾಗಿಲ್ಲ, ಅಟ್ಟದ ಮೇಲಿನ ಡಬ್ಬ ತೆಗ್ಯೋಕೆ ಆಗುತ್ತೆ. ಇವನನ್ನ ನೋಡ್ಕೊಳ್ಳೋಕೆ ಇಂಥೋಳೇ ಬೇಕು" ಎಂದರು.

ಅಮ್ಮನ ಮುಖ ಅರಳಿತು. ಹೊರಗಿನವರ ಮುಂದೆ ನಾನು ಬಾಯಿ ಬಿಟ್ಟವಳಲ್ಲ. ಆದರೂ ಗೋಡೆ ನೋಡಿಕೊಂಡು, "ನನಗೆ ಬೇಡ" ಎಂದೆ.

ಮೌಳಿಯ ಕಣ್ಣು ತುಂಬಿತು. ಅವನು ತಾಯಿಯ ಸೆರಗು ಹಿಡಿದ, ಆಮೇಲೆ ತಾನೇ ಅದನ್ನು ಬಿಟ್ಟ. ಕುರ್ಚಿಯಿಂದ ಇಳಿದು, "ಸರಿ, ಅವರಿಷ್ಟ" ಎಂದ. ಅವನ ಪ್ಯಾಂಟು ಮೆಲ್ಲಗೆ ಮೇಲೇರಿ ಕಣಕಾಲು ಕಾಣಿಸಿತು.

"ಅಯ್ಯೋ, ಹೊಸ ಪ್ಯಾಂಟು ಕಣೋ" ಎಂದು ಸರ್ವಮಂಗಳಮ್ಮ ಅಳತೊಡಗಿದರು.

ಮೌಳಿ ತನ್ನ ಕಾಲನ್ನೇ ಬಹಳ ಹೊತ್ತು ನೋಡಿದ. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ: "ಇನ್ನೊಂದ್ಸಲ 'ಬೇಡ' ಅಂತೀರಾ?"