ಕೆಂಚಪ್ಪನಿದ್ದ ಗೋಡೆ

ಆ ಸೀಮೆಯಲ್ಲಿ ಮನೆ ಕಟ್ಟಿದವರ ಲೆಕ್ಕ ಪೂರ್ತಿ ಚುಕ್ತಾ ಆಗುವ ತನಕ ಅವರ ದನಿಗಳು ಗೋಡೆಯೊಳಗೇ ಇರುತ್ತಿದ್ದವು. ಕೆಮ್ಮು, ಜಗಳ, ಹಾಡು, ಎಲ್ಲವೂ. ಹಾಗಾಗಿ ಕಂಟ್ರಾಕ್ಟರುಗಳನ್ನು ಬಾಕಿಗಾಗಿ ಅಲೆಸುವ ಧೈರ್ಯ ಅಲ್ಲಿ ಯಾರಿಗೂ ಇರಲಿಲ್ಲ.

ಮನೆ ಕಟ್ಟಿಸಿದ ಉಮಾಪತಿಯೂ ಗೃಹಪ್ರವೇಶದ ಮುಂಚೆಯೇ ಕೊನೆಯ ಕಂತು ಹಿಡಿದು ಬಂದಿದ್ದ. ಕಂಟ್ರಾಕ್ಟರ್ ಹಾಲಮ್ಮ ಮಾತ್ರ ಕೈಚಾಚಲಿಲ್ಲ.

"ಮುಂದಿನ ವಾರ ಕೊಡಿ ಸಾರ್."

"ದುಡ್ಡು ಬ್ಯಾಡ ಅನ್ನೋ ಕಂಟ್ರಾಕ್ಟರನ್ನ ಇವತ್ತೇ ಕಂಡಿದ್ದು ಕಣಮ್ಮ! ನಾಳೆ ಹಾಲುಕ್ಕಿಸಬೇಕು. ಅಡುಗೆಮನೇಲಿ ಯಾರೋ ಗಂಡಸು ಮಾತಾಡ್ತಿದ್ರೆ ನಮ್ಮೋಳು ಒಲೆ ಹಚ್ತಾಳಾ?"

ಅಡುಗೆಮನೆಯ ಗೋಡೆಗೆ ಗಿಲಾವು ಮಾಡಿದ್ದು ಹಾಲಮ್ಮನ ಗಂಡ, ಮೇಸ್ತ್ರಿ ಕೆಂಚಪ್ಪ. ಅದೇ ಅವನ ಕೊನೆಯ ಕೆಲಸ. ಅವನನ್ನು ಮಣ್ಣು ಮಾಡಿ ಬಂದಂದಿನಿಂದ ಅವಳು ದಿನಾ ಸಂಜೆ ಆ ಗೋಡೆಗೆ ಕೆನ್ನೆಯೊತ್ತಿ ಕೂರುತ್ತಿದ್ದಳು. ಬದುಕಿದ್ದಾಗಿನ ಹಾಗೆಯೇ ಅವನು ಕೇಳುತ್ತಿದ್ದ, "ಎಲ್ಲಾರ್ದೂ ಬಟವಾಡೆ ಆಯ್ತೇನೆ?"

"ಇನ್ನೂ ಇಲ್ಲ ಕಣ್ರೀ" ಅಂದರೆ ಮತ್ತೆ ಹಾಡಿಕೊಳ್ಳುತ್ತಿದ್ದ.

ಹೊರಗೆ ಆಳುಗಳು ಕಾದು ಕೂತಿದ್ದರು. "ಹಾಲಕ್ಕಾ, ಸಂತೆ ಮುಗಿದ ಮೇಲೆ ಕೊಡ್ತೀಯೇನೆ? ಮಕ್ಕಳಿಗೆ ಏನು ಬೇಯಿಸ್ಲಿ?" ಎಂದು ಒಬ್ಬಳು ಕೂಗಿದಳು.

ಹಾಲಮ್ಮ ದುಡ್ಡು ಇಸಕೊಂಡಳು. ಎಲ್ಲರಿಗೂ ಹಂಚಿ, ಕೆಂಚಪ್ಪನ ಕೂಲಿಯನ್ನು ಮಾತ್ರ ಕೈಯಲ್ಲೇ ಹಿಡಿದು ಒಳಗೆ ಬಂದಳು.

"ಎಲ್ಲಾರ್ದೂ ಬಟವಾಡೆ ಆಯ್ತೇನೆ?"

ಅವಳು ಆ ನೋಟುಗಳನ್ನು ಮೆಲ್ಲಗೆ ಸೆರಗಿಗೆ ಕಟ್ಟಿಕೊಂಡಳು. "ಆಯ್ತು ಕಣ್ರೀ."

"ಹಂಗಾರೆ ಕೈಕಾಲು ತೊಳ್ಕೊಂಡು ಬರ್ತೀನಿ. ನೀ ಮುಂದೆ ನಡಿ."

ಆಮೇಲೆ ಗೋಡೆಯಲ್ಲಿ ಸದ್ದಿಲ್ಲ. ಹಾಲಮ್ಮ ಹೊರಗೆ ಬಂದಳು. ನೀರಿನ ತೊಟ್ಟಿಯ ಪಕ್ಕದಲ್ಲಿ ಅವನಿಗೆ ದಾರಿ ಬಿಟ್ಟು, ಕಾಯುತ್ತ ನಿಂತಳು.