ಹರಿಹರದ ಭಾನುವಾರ

ಬೆಳಿಗ್ಗೆ ಹನ್ನೊಂದಕ್ಕೆ ಮೃತ್ಯುಂಜಯ ದಾವಣಗೆರೆಯ ಮನೆಯನ್ನು ಪೂರ್ತಿಯಾಗಿ ಹೆಂಡತಿ ವಿಶಾಲಾಕ್ಷಿಗೆ ಬಿಟ್ಟುಕೊಡಲು ಒಪ್ಪಿದ. ವಿಚ್ಛೇದನದಲ್ಲಿ ಆಸ್ತಿಯ ಜೊತೆ ನೆನಪುಗಳೂ ಪಾಲಾಗುತ್ತಿದ್ದವು. ಒಬ್ಬರ ಪಾಲಿಗೆ ಹೋದದ್ದು ಇನ್ನೊಬ್ಬರ ತಲೆಯಿಂದ ಅಳಿಯುತ್ತಿತ್ತು. ಮದುವೆಯ ದಿನ ಆಗಲೇ ವಿಶಾಲಾಕ್ಷಿಯ ಪಾಲಿಗೆ ಬಂದಿತ್ತು. ಮೇಜಿನ ಮೇಲಿದ್ದ ತಾಳಿಯನ್ನು ಅವನು ಯಾರದೋ ಒಡವೆಯಂತೆ ನೋಡುತ್ತಿದ್ದ.

"ನಂಗೆ ಬೇರೇನೂ ಬೇಡ. ಹರಿಹರಕ್ಕೆ ಹೋಗಿದ್ವಲ್ಲ, ಆ ಭಾನುವಾರ ಒಂದು ಕೊಡು ಸಾಕು."

"ಏನ್ರೀ ಇಷ್ಟು ಧಾರಾಳ? ಚಟ್ನಿಗೆ ಇನ್ನೊಂದು ಕಾಯಿ ಒಡೆದ್ರೆ ಲೆಕ್ಕ ಕೇಳ್ತಿದ್ರಿ."

"ಹೊಳೆ ದಂಡೇಲಿ ಖುಷಿಯಾಗಿದ್ವಿ ಕಣೇ. ಅದಕ್ಕೆ."

ಕೋರ್ಟಿನ ಅಧಿಕಾರಿ ನೆನಪು ಅಳಿಸುವ ಯಂತ್ರದ ಪಟ್ಟಿಯನ್ನು ಅವಳ ಹಣೆಗೆ ಕಟ್ಟಿದರು. ವಿಶಾಲಾಕ್ಷಿ ಕಣ್ಣು ಮುಚ್ಚಿ ಆ ದಿನವನ್ನು ಕೊನೆಯ ಸಲ ನೆನೆದಳು. ಹೊಳೆ, ಮಂಡಕ್ಕಿ, ಜಗಳವಿಲ್ಲದ ಸಂಜೆ. ವಾಪಸ್ಸು ಬರುವಾಗ ಒಂದು ಹೊಸ ಮನೆಯ ಮುಂದೆ ಕಾವಲುಗಾರ ಎದ್ದು ನಿಂತು, "ಬೀಗ ತೆಗೀಲಾ ಸಾಹುಕಾರ್ರೆ?" ಎಂದು ಮೃತ್ಯುಂಜಯನನ್ನು ಕೇಳಿದ್ದ.

"ನನ್ನ ಬೇರೆ ಯಾರೋ ಅಂದ್ಕೊಂಡಿದಾನೆ, ನಡಿ ನಡಿ," ಎಂದು ಗಂಡ ಅವಳ ಕೈ ಹಿಡಿದು ಎಳೆದಿದ್ದ.

ಅವಳು ಕಣ್ಣು ತೆರೆದು ಪಟ್ಟಿ ಕಳಚಿದಳು. "ಇದು ನನ್ನ ಹತ್ರಾನೇ ಇರ್ಲಿ ಸಾರ್."

ಮರುದಿನ, ಮೃತ್ಯುಂಜಯನ ಹೆಸರಿನಲ್ಲಿದ್ದ ಹರಿಹರದ ಆ ಹೊಸ ಮನೆಯೂ ಪಾಲಿನ ಲೆಕ್ಕಕ್ಕೆ ಸೇರಿತು.